ಮಲೆನಾಡಿನ ನೀರಿಗೆ ಮೊದಲ ಫ್ಲೈ ರಾಡ್: ಯಾವುದನ್ನು ಆರಿಸಬೇಕು?

ಪುಕ್ಕ, ನೂಲು ಸುತ್ತಿದ ಹುಳುವಿನಂಥ ಕೊಕ್ಕೆಯಿಂದ ಮೀನು ಹಿಡಿಯುವ ಫ್ಲೈ ಫಿಶಿಂಗ್ ಶುರು ಮಾಡಬೇಕು ಅಂತ ಆಸೆಪಟ್ಟವರು ಮೊದಲು ಹುಡುಕುವುದು ರಾಡನ್ನು, ಅಂದರೆ ಕೋಲನ್ನು. ಎಲ್ಲಿ ಹುಡುಕಿದರೂ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: ಒಂಬತ್ತು ಅಡಿ ಉದ್ದ, ಐದು ವೆಯ್ಟ್ (ರಾಡಿಗೆ ಹೊಂದುವ ಲೈನಿನ, ಅಂದರೆ ದಾರದ ನಂಬರ್). ಈ ಉತ್ತರ ಕೊಡುವವರು ಟ್ರೌಟ್ ಮೀನು ಹಿಡಿಯುವವರು. ಟ್ರೌಟ್‌ಗೆ ತಣ್ಣನೆಯ ನೀರು ಬೇಕು, 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ನೀಲಗಿರಿಯಲ್ಲಿ, ಮುನ್ನಾರಿನಲ್ಲಿ, ಕಾಶ್ಮೀರದಲ್ಲಿ ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಟ್ರೌಟ್ ಈಗಲೂ ಇದೆ. ನಮ್ಮ ತುಂಗೆಯಲ್ಲಿ, ಶರಾವತಿಯಲ್ಲಿ, ವರದಾ ನದಿಯಲ್ಲಿ ಇಲ್ಲ. ಇಲ್ಲಿನ ನೀರು ಬೇರೆ, ಮೀನು ಬೇರೆ, ದಡದ ಮರಗಳೂ ಬೇರೆ. ಹಾಗಾಗಿ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ರಾಡ್ ಆರಿಸುವ ಮೊದಲು ನೀರು ಆರಿಸಿಕೊಳ್ಳಬೇಕು ಅನ್ನುವುದು ನನ್ನ ಮಾತು. ಮನೆಯಿಂದ ಅರ್ಧ ಗಂಟೆಯೊಳಗೆ ಹೋಗಿ ಬರಬಹುದಾದ ನೀರು ಯಾವುದು? ಅದು ಗೊತ್ತಾದರೆ ಉಳಿದ ಆಯ್ಕೆಗಳು ಅರ್ಧ ಮುಗಿದಂತೆಯೇ.

ಗಾಳ, ಸ್ಪಿನ್ನಿಂಗ್, ಫ್ಲೈ

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ನಿಮಗೆ ನಿಜವಾಗಿ ಫ್ಲೈ ಫಿಶಿಂಗೇ ಬೇಕಾ?

ಮಲೆನಾಡಿನವರಿಗೆ ಮೀನು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುವ ಊರುಗಳಿವೆ. ಮಳೆ ಹಿಡಿದಾಗ ಗದ್ದೆಗೆ ಹತ್ತಿ ಬರುವ ಹತ್ತುಮೀನಿನ ಹಿಂದೆ ರಾತ್ರಿಯೆಲ್ಲ ಟಾರ್ಚ್ ಹಿಡಿದು ಓಡಾಡುವವರಿದ್ದಾರೆ. ಹಗುರವಾದ ಬಿದಿರಿನ ಕೋಲಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಹಳ್ಳದ ಗುಂಡಿಯ ಹತ್ತಿರ ಕೂರುವುದಂತೂ ಎಲ್ಲ ಮಕ್ಕಳಿಗೂ ಗೊತ್ತು. ಮನೆಗೆ ಸಾರಿಗೆ ಮೀನು ಬೇಕು ಅನ್ನುವುದೇ ಮುಖ್ಯವಾದರೆ ಆ ಗಾಳವೇ ಒಳ್ಳೆಯದು. ಖರ್ಚಿಲ್ಲ, ಮೀನೂ ಜಾಸ್ತಿ ಸಿಗುತ್ತದೆ. ಒಂದೇ ತೊಂದರೆ ಅಂದರೆ ಮೀನು ಎರೆಹುಳವನ್ನು ಹೊಟ್ಟೆಯವರೆಗೂ ನುಂಗುತ್ತದೆ. ಹಿಡಿದು ವಾಪಸು ಬಿಡುವ ಆಸೆ ಇದ್ದರೆ ಆ ಮೀನು ಉಳಿಯುವುದು ಕಷ್ಟ.

ಸ್ಪಿನ್ನಿಂಗ್ ರಾಡಿನಲ್ಲಿ ಭಾರ ಇರುವುದು ಲ್ಯೂರ್‌ನಲ್ಲಿ, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆಯಲ್ಲಿ. ಐದು, ಹತ್ತು, ಇಪ್ಪತ್ತು ಗ್ರಾಮಿನ ಲ್ಯೂರ್ ಬೀಸಿದರೆ ಅದು ತೆಳುವಾದ ದಾರವನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಅರ್ಧ ದಿನದಲ್ಲಿ ಕಲಿಯಬಹುದು. ಗಾಳಿ ಇದ್ದರೂ ದೂರ ಹೋಗುತ್ತದೆ, ಆಳಕ್ಕೂ ಇಳಿಯುತ್ತದೆ. ತಿಂಗಳಿಗೆ ಒಂದು ಭಾನುವಾರ ಮಾತ್ರ ಬಿಡುವು ಸಿಗುವವರಿಗೆ, ದೊಡ್ಡ ಹಿನ್ನೀರು ಮಾತ್ರ ಹತ್ತಿರ ಇರುವವರಿಗೆ ನಾನು ಸ್ಪಿನ್ನಿಂಗನ್ನೇ ಹೇಳುತ್ತೇನೆ.

ಫ್ಲೈನಲ್ಲಿ ಲೆಕ್ಕ ತಿರುವುಮುರುವು. ಫ್ಲೈ ಅಂದರೆ ಪುಕ್ಕ, ನೂಲು, ಕೂದಲು ಸುತ್ತಿದ ಒಂದು ಕೊಕ್ಕೆ. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ತೂಕ ಇರುವುದು ದಪ್ಪನೆಯ ಲೈನಿನಲ್ಲಿ. ರಾಡ್ ಬೀಸುವುದು ಆ ಲೈನನ್ನು, ಫ್ಲೈ ಅದರ ಹಿಂದೆ ಹೋಗುತ್ತದೆ. ಈ ಒಂದು ಕಾರಣಕ್ಕೆ ನೀರಿಗೆ ಬಿದ್ದ ಇರುವೆಯಷ್ಟು ಸಣ್ಣ ಹುಳುವನ್ನೂ ಮೀನಿನ ಮುಂದೆ ಸದ್ದಿಲ್ಲದೆ ಇಳಿಸಬಹುದು. ಬೇರೆ ಯಾವ ಸಾಮಾನಿನಲ್ಲೂ ಇದು ಇಷ್ಟು ಚೆನ್ನಾಗಿ ಆಗುವುದಿಲ್ಲ. ಕೊಕ್ಕೆಯೂ ಹೆಚ್ಚಾಗಿ ತುಟಿಯಲ್ಲೇ ಸಿಗುತ್ತದೆ, ಬಿಡಿಸಿ ಬಿಡುವುದು ಸುಲಭ. ಬದಲಿಗೆ ನೀವು ಕೊಡಬೇಕಾದ್ದು ಸಮಯ. ವಾರಕ್ಕೆ ಮೂರು ನಾಲ್ಕು ಸಲ ಒಂದಿಷ್ಟು ಹೊತ್ತು ಬೀಸುವುದನ್ನು ಕಲಿಯುವ ತಾಳ್ಮೆ ಇದ್ದರೆ, ಹಿಡಿದದ್ದಕ್ಕಿಂತ ನೋಡಿದ್ದರಲ್ಲಿ ಖುಷಿ ಇದ್ದರೆ, ಫ್ಲೈ ಆರಿಸಿಕೊಳ್ಳಿ.

ಹಳ್ಳ, ಹೊಳೆ, ಕೆರೆ, ಹಿನ್ನೀರು

ಹಳ್ಳದಿಂದ ಶುರು ಮಾಡೋಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಆ ಮಳೆಯ ಪುಣ್ಯದಿಂದ ತೀರ್ಥಹಳ್ಳಿ, ಹೊಸನಗರದ ಕಡೆ ಎಲ್ಲಿ ನಿಂತರೂ ಒಂದು ಹಳ್ಳದ ಸದ್ದು ಕೇಳುತ್ತದೆ. ತುಂಗೆಗೆ ಸೇರುವ ಮಾಲತಿ ಹೊಳೆಯಂಥದ್ದಕ್ಕೂ ಹೀಗೆ ನೂರಾರು ಸಣ್ಣ ಹಳ್ಳಗಳು ಬಂದು ಕೂಡುತ್ತವೆ. ಇಂಥ ಕಡೆ ಸಿಗುವುದು ಬೆರಳುದ್ದದ, ಗೇಣುದ್ದದ ಮೀನು. ಪಕ್ಕೆ, ಸಣ್ಣ ಗೆಂಡೆ, ನೀರಿನ ಮೇಲ್ಮೈಯಲ್ಲೇ ಓಡಾಡುತ್ತಾ ಹುಳು ಹಿಡಿಯುವ ಬೆಳ್ಳಿ ಮೈಯ ಮೀನುಗಳು. ಸಣ್ಣದು ಅಂತ ಅಸಡ್ಡೆ ಬೇಡ. ಫ್ಲೈ ಕಲಿಯಲು ಇವುಗಳಿಗಿಂತ ಒಳ್ಳೆಯ ಗುರು ಇಲ್ಲ. ದಡದ ಮರದಿಂದ ಚಗಳಿ ಇರುವೆ ನೀರಿಗೆ ಬಿದ್ದ ಕ್ಷಣಕ್ಕೆ ಮೇಲೆ ಬರುತ್ತವೆ. ನೀವು ನಿಂತ ಜಾಗದಿಂದ ಎಲ್ಲ ಕಾಣುತ್ತದೆ: ಮೀನು ಬಂದದ್ದು, ಫ್ಲೈ ನೋಡಿ ಅನುಮಾನಪಟ್ಟದ್ದು, ವಾಪಸು ತಿರುಗಿದ್ದು. ತೊಂದರೆ ಮರಗಳದ್ದು. ತಲೆಯ ಮೇಲೆ, ಬೆನ್ನ ಹಿಂದೆ ಎಲ್ಲ ಕಡೆ ಕೊಂಬೆ. ಲೈನನ್ನು ಹಿಂದಕ್ಕೆ ಬೀಸಲು ಜಾಗವೇ ಇರುವುದಿಲ್ಲ.

ಹೊಳೆ ಅಂದರೆ ಶಿವಮೊಗ್ಗದವರಿಗೆ ತುಂಗೆ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರಿನವರೆಗೆ ರಸ್ತೆಯ ಪಕ್ಕದಲ್ಲೇ ಹರಿಯುತ್ತಾಳೆ, ಆಮೇಲೆ ಪೇಟೆ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಗುಂಡಿಗಳು, ತೆಳು ಹರಿವುಗಳು ಕಾಣುತ್ತವೆ. ಎಷ್ಟು ಚೆಂದದ ನೀರು! ಆದರೆ ಹೊಸಬರಿಗೆ ಇದೇ ಅತ್ಯಂತ ಕಷ್ಟದ ನೀರು. ಹರಿವು ಲೈನನ್ನು ಒಂದು ವೇಗದಲ್ಲಿ ಎಳೆಯುತ್ತದೆ, ಫ್ಲೈಯನ್ನು ಇನ್ನೊಂದು ವೇಗದಲ್ಲಿ. ಫ್ಲೈ ನೀರಿನ ಮೇಲೆ ಗೀರು ಹಾಕುತ್ತಾ ಹೋದರೆ ಯಾವ ಮೀನೂ ನಂಬುವುದಿಲ್ಲ. ಇದನ್ನು ಸರಿ ಮಾಡುವುದು ಆಮೇಲಿನ ಪಾಠ. ಹಾಗೇ, ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಯಾವಾಗ ನೀರು ಬಿಡುತ್ತಾರೆ ಅಂತ ತಿಳಿದುಕೊಳ್ಳದೆ ನಡುಗಡ್ಡೆಗೆ, ಬಂಡೆಗೆ ಹೋಗಲೇಬಾರದು.

ಮಹಶೀರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಫ್ಲೈ ಫಿಶಿಂಗ್ ಅಂದ ತಕ್ಷಣ ಎಲ್ಲರ ಕಣ್ಣ ಮುಂದೆ ಬರುವುದು ಅದೇ ಮೀನು ಅಲ್ವಾ? ಹಳೆಯ ಫೋಟೋಗಳಲ್ಲಿ ಕಾಣುವ, ಬೆನ್ನು ಗೂನಾದ ದೈತ್ಯ ಮಹಶೀರ್ ಕಾವೇರಿ ಕೊಳ್ಳದ್ದು. ಅದೀಗ ಅಳಿವಿನ ಅಂಚಿಗೆ ಬಂದಿದೆ. ನಮ್ಮ ತುಂಗಾ, ಭದ್ರಾ ಸೇರುವುದು ಕೃಷ್ಣಾ ಕೊಳ್ಳಕ್ಕೆ, ಇಲ್ಲಿರುವುದು ದಖ್ಖನ್ ಮಹಶೀರ್. ಶೃಂಗೇರಿಯ ಮಠದ ಎದುರು ಪುರಿ ಹಾಕುವಾಗ ಮುತ್ತಿಕೊಳ್ಳುವ ದೊಡ್ಡ ಮೀನುಗಳನ್ನು ನೋಡದವರು ಯಾರು? ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲೂ ಮತ್ಸ್ಯಧಾಮ ಇದೆ. ಅವು ದೇವರ ಮೀನು. ಅಲ್ಲಿ ರಾಡ್ ಹೊರಗೆ ತೆಗೆಯುವ ಯೋಚನೆಯೂ ಬರಬಾರದು. ಅದರ ಆಚೆಗೂ, ಮೊದಲ ವರ್ಷದ ಗುರಿಯಾಗಿ ಮಹಶೀರ್ ಇಟ್ಟುಕೊಂಡರೆ ಬೇಸರವೇ ಜಾಸ್ತಿ.

ಕೆರೆಯೇ ಹೊಸಬರ ನೀರು. ಸೊರಬ, ಶಿಕಾರಿಪುರ, ಸಾಗರದ ಕಡೆ ಊರಿಗೊಂದು, ಕೆಲವು ಕಡೆ ಎರಡು ಮೂರು ಕೆರೆ ಇವೆ. ನೀರು ನಿಂತಿರುತ್ತದೆ, ಏರಿಯ ಮೇಲೆ ನಿಂತರೆ ಬೆನ್ನ ಹಿಂದೆ ಜಾಗ ಇರುತ್ತದೆ. ಕಾಟ್ಲಾ, ರೋಹು ಸಾಕಿರುತ್ತಾರೆ. ಆದರೆ ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮ ಆಹಾರ ಸೋಸಿ ತಿನ್ನುವ ಮೀನು. ಫ್ಲೈಗೆ ಅದು ಬಾಯಿ ಹಾಕುವುದು ಅಪರೂಪ. ನಿಮಗೆ ಬೇಕಾದ್ದು ಜಿಲೇಬಿ, ಅಂದರೆ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತಂದ ಈ ಆಫ್ರಿಕಾದ ಮೀನು ಈಗ ಬಹಳಷ್ಟು ಕೆರೆಗಳಲ್ಲಿ ತುಂಬಿಕೊಂಡಿದೆ. ದಡದ ಹತ್ತಿರದ ಮರಳಿನಲ್ಲಿ ತಟ್ಟೆಯಗಲದ ಗೂಡು ಮಾಡುತ್ತದೆ. ಸಣ್ಣ ಫ್ಲೈ ಅದರ ಮುಂದೆ ನಿಧಾನವಾಗಿ ಹಾದರೆ ಕಚ್ಚುತ್ತದೆ. ಹಿಡಿದು ಮನೆಗೆ ಒಯ್ದರೂ ಊರ ಮೀನಿಗೆ ನಷ್ಟ ಇಲ್ಲ, ಲಾಭವೇ.

ಅದೇ ಕೆರೆಯ ಜೊಂಡಿನಲ್ಲಿ, ತಾವರೆ ಎಲೆಯ ಕೆಳಗೆ ಕೊರವ ಇರುತ್ತದೆ. ಮುರೆಲ್ ಅಂತಲೂ ಹೇಳುತ್ತಾರೆ. ಗಾಳಿ ನುಂಗಲು ಆಗಾಗ ಮೇಲೆ ಬರುವುದರಿಂದ ಅದು ಎಲ್ಲಿದೆ ಅಂತ ಗೊತ್ತಾಗುತ್ತದೆ. ಕಪ್ಪೆಯಂತೆ ಕಟ್ಟಿದ ಫ್ಲೈ ಎಲೆಯ ಮೇಲಿಂದ ಜಾರಿ ನೀರಿಗೆ ಬಿದ್ದಾಗ ಅದು ಎರಗುವ ರಭಸ ನೋಡಬೇಕು. ಇದು ಎರಡನೇ ವರ್ಷದ ಮೀನು. ಕೆಂಪು ಮರಿಗಳ ಗುಂಪಿನ ಕೆಳಗೆ ಕೊರವ ಕಂಡರೆ ಅಲ್ಲಿ ಫ್ಲೈ ಹಾಕಬೇಡಿ. ತಾಯಿತಂದೆ ಮರಿ ಕಾಯುತ್ತಿರುತ್ತವೆ, ಅವನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

ಹಿನ್ನೀರು ದೊಡ್ಡದು, ಬಯಲು, ಗಾಳಿ ಜಾಸ್ತಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಬೇಸಿಗೆಯಲ್ಲಿ ನೀರಿಳಿದಾಗ ಇವತ್ತಿಗೂ ಮೇಲೆ ಬರುತ್ತವೆ. ಬೊಡ್ಡೆಗಳ ಹತ್ತಿರ ಮೀನು ಇರುತ್ತದೆ, ಫ್ಲೈ ಸಿಕ್ಕಿಕೊಳ್ಳುವುದೂ ಅಲ್ಲೇ. ಬೆಳಗ್ಗೆ ಬೇಗ ಗಾಳಿ ಏಳುವ ಮೊದಲು ಹೋದರೆ ಸರಿ. ಮಧ್ಯಾಹ್ನದ ಗಾಳಿಯಲ್ಲಿ ಹೊಸಬರು ಬೀಸಿದರೆ ಕೊಕ್ಕೆ ಬಂದು ಕಿವಿಗೆ ಚುಚ್ಚುವುದೇ ಹೆಚ್ಚು.

ರೀಲ್ ಇಲ್ಲದ ಕೋಲು

ಜಪಾನಿನ ಗುಡ್ಡಗಾಡಿನ ತೊರೆಗಳಲ್ಲಿ ಹುಟ್ಟಿದ ಒಂದು ಪದ್ಧತಿ ಇದೆ, ತೆಂಕಾರಾ ಅಂತ. ಒಂದರೊಳಗೊಂದು ಮಡಚುವ ಉದ್ದನೆಯ ಕೋಲು, ಅದರ ತುದಿಗೆ ದಾರ, ದಾರದ ತುದಿಗೆ ಫ್ಲೈ. ರೀಲ್ ಇಲ್ಲ, ದುಬಾರಿ ಫ್ಲೈ ಲೈನ್ ಇಲ್ಲ. ನಮ್ಮ ಬಿದಿರಿನ ಗಾಳಕ್ಕೆ ತೀರಾ ಹತ್ತಿರದ ಸಂಬಂಧಿ. ಹಳ್ಳದ ಹತ್ತಿರ ಮನೆ ಇರುವವರಿಗೆ ಇದನ್ನು ಮೀರಿಸುವ ಆಯ್ಕೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಮಾಮೂಲಿ ತೆಂಕಾರಾ ಕೋಲು ಮೂರೂವರೆಯಿಂದ ನಾಲ್ಕು ಮೀಟರ್ ಉದ್ದ ಇರುತ್ತದೆ. ಅಷ್ಟು ಉದ್ದದ್ದು ಮಲೆನಾಡಿನ ಕಾಡು ಹಳ್ಳಕ್ಕೆ ಬೇಡ, ಕೊಂಬೆಗೆ ತಾಗುತ್ತದೆ. ಮೂರು ಮೀಟರಿನ ಒಳಗಿನದ್ದು ನೋಡಿ. ದಾರ ಕೋಲಿನಷ್ಟೇ ಉದ್ದ ಇರಲಿ. ಬೀಸುವ ಬದಲು ಮುಂಗೈ ಅಲುಗಿಸಿದರೆ ಸಾಕು. ಕೋಲಿನ ತುದಿ ಎತ್ತಿ ಹಿಡಿದರೆ ದಾರದ ಬಹುಪಾಲು ನೀರಿಗೆ ತಾಗುವುದೇ ಇಲ್ಲ, ಫ್ಲೈ ಮಾತ್ರ ನೀರಿನಲ್ಲಿ ಇರುತ್ತದೆ. ಹರಿವು ದಾರ ಎಳೆಯುವ ತೊಂದರೆ ತಾನಾಗಿಯೇ ತಪ್ಪುತ್ತದೆ.

ಇದರ ಮಿತಿಯೂ ಸ್ಪಷ್ಟ. ಒಂದು ಮೊಳಕ್ಕಿಂತ ದೊಡ್ಡ ಮೀನು ಬಿದ್ದು ಓಡಿದರೆ ಬಿಡಲು ದಾರ ಇಲ್ಲ. ಕೊರವ ಇರುವ ಕೆರೆಗೆ, ಹಿನ್ನೀರಿಗೆ ಇದು ಆಗುವುದಿಲ್ಲ. ಮುಂದೆ ರೀಲ್ ರಾಡಿಗೆ ಹೋಗುವ ಆಸೆ ಇದ್ದರೆ ಬೀಸುವುದನ್ನು ಮತ್ತೆ ಮೊದಲಿಂದ ಕಲಿಯಬೇಕಾಗುತ್ತದೆ. ನೀರು ಓದುವುದನ್ನು ಮಾತ್ರ ಮತ್ತೆ ಕಲಿಯಬೇಕಿಲ್ಲ.

ನಾಲ್ಕು, ಐದು, ಆರು, ಎಂಟು

ರೀಲ್ ರಾಡ್ ಕೊಳ್ಳುವವರು ವೆಯ್ಟ್ ನಂಬರ್ ಅರ್ಥ ಮಾಡಿಕೊಳ್ಳಬೇಕು. ಅದು ರಾಡಿನ ತೂಕ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಅದು ಆ ರಾಡಿಗೆ ಹೊಂದುವ ಲೈನಿನ ನಂಬರ್. ಲೈನಿನ ಮೊದಲ 30 ಅಡಿ ಎಷ್ಟು ತೂಗುತ್ತದೆ ಅನ್ನುವುದರ ಮೇಲೆ ಈ ನಂಬರ್ ಇಟ್ಟಿದ್ದಾರೆ. ಐದು ವೆಯ್ಟ್ ಅಂದರೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ಆರು ಅಂದರೆ 160 ಗ್ರೇನ್. ಎಂಟು ಅಂದರೆ 210 ಗ್ರೇನ್, ಹತ್ತಿರ ಹತ್ತಿರ 14 ಗ್ರಾಂ. ನಂಬರ್ ಏರಿದ ಹಾಗೆ ದೊಡ್ಡ ಫ್ಲೈಯನ್ನು, ಗಾಳಿಗೆ ಎದುರಾಗಿ, ದೂರ ಕಳಿಸಬಹುದು. ಇಳಿದ ಹಾಗೆ ಸಣ್ಣ ಫ್ಲೈಯನ್ನು ಮೆಲ್ಲಗೆ ಇಳಿಸಬಹುದು.

ನಾಲ್ಕು ವೆಯ್ಟ್ ಹೊಳೆಯ ಗೆಂಡೆಗೆ, ಹಳ್ಳ ಅಗಲವಾಗುವ ಜಾಗಕ್ಕೆ ತುಂಬ ಸೊಗಸು. ಆದರೆ ಕೆರೆ ಏರಿಯ ಮೇಲೆ ಸ್ವಲ್ಪ ಗಾಳಿ ಬಂದರೂ ಹೊಸಬರ ಕೈಯಲ್ಲಿ ಲೈನ್ ಮುದುಡಿ ಬೀಳುತ್ತದೆ. ಐದು ವೆಯ್ಟ್ ಜಿಲೇಬಿಗೆ ಸಾಕು. ಕೊರವದ ಕಪ್ಪೆ ಫ್ಲೈಯನ್ನು ಅದು ಎತ್ತುವುದಿಲ್ಲ, ಜೊಂಡಿನಿಂದ ಮೀನನ್ನು ಎಳೆದು ತರುವ ಬಲವೂ ಇಲ್ಲ. ಎಂಟು ವೆಯ್ಟ್ ಕೊರವಕ್ಕೆ ಸರಿಯಾದ ರಾಡ್. ಆದರೆ ಮೊದಲ ರಾಡಾಗಿ ಅದನ್ನು ಹಿಡಿದರೆ ಒಂದು ಗಂಟೆಯೊಳಗೆ ತೋಳು ಸೋಲುತ್ತದೆ. ಸೋತ ತೋಳಲ್ಲಿ ಕಲಿತದ್ದೆಲ್ಲ ಕೆಟ್ಟ ಅಭ್ಯಾಸವೇ. ಗೇಣುದ್ದದ ಜಿಲೇಬಿ ಬಿದ್ದರೆ ಅದರಲ್ಲಿ ಗೊತ್ತೇ ಆಗುವುದಿಲ್ಲ.

ನನ್ನ ಆಯ್ಕೆ ಆರು. ಒಂಬತ್ತು ಅಡಿ, ನಾಲ್ಕು ತುಂಡು, ಆರು ವೆಯ್ಟ್. ಜಿಲೇಬಿ, ಗೆಂಡೆಗೆ ಸ್ವಲ್ಪ ಜಾಸ್ತಿ ಅನ್ನಿಸಬಹುದು, ಪರವಾಗಿಲ್ಲ. ಹಿನ್ನೀರಿನ ಬೆಳಗಿನ ಗಾಳಿಗೆ ತಡೆಯುತ್ತದೆ. ಮಧ್ಯಮ ಗಾತ್ರದ ಕೊರವಕ್ಕೆ, ಜೊಂಡು ತೀರಾ ದಟ್ಟ ಇಲ್ಲದ ಕಡೆ ಸಾಲುತ್ತದೆ. ಸಾಗರ, ಸೊರಬ, ಶಿಕಾರಿಪುರದ ಕಡೆಯವರು ಎರಡನೇ ಯೋಚನೆ ಮಾಡದೆ ಇದನ್ನೇ ಕೊಳ್ಳಬಹುದು. ಶಿವಮೊಗ್ಗ ಪೇಟೆಯವರೂ ಅಷ್ಟೇ, ಕೆರೆಗೂ ಆಯಿತು ಹೊಳೆಗೂ ಆಯಿತು. ತೀರ್ಥಹಳ್ಳಿ, ಹೊಸನಗರದ ಹಳ್ಳಗಳ ಮಧ್ಯೆ ಇರುವವರಿಗೆ ಮೊದಲು ತೆಂಕಾರಾ, ಆಮೇಲೆ ಬೇಕೆನಿಸಿದರೆ ನಾಲ್ಕು ವೆಯ್ಟ್. ನಾಲ್ಕು ತುಂಡಿನ ರಾಡ್ ಯಾಕೆ ಅಂದರೆ ಬಸ್ಸಿನಲ್ಲಿ ಒಯ್ಯಬಹುದು, ಬೈಕಿಗೂ ಕಟ್ಟಬಹುದು.

ಗ್ರಾಫೈಟೋ ಫೈಬರ್‌ಗ್ಲಾಸೋ ಅಂತ ಕೇಳುತ್ತಾರೆ. ಗ್ರಾಫೈಟ್ ಹಗುರ, ಚುರುಕು, ಆದರೆ ಬಂಡೆಗೆ ತಾಗಿದರೆ, ಕಾರಿನ ಬಾಗಿಲಿಗೆ ಸಿಕ್ಕಿದರೆ ಪಟ್ಟನೆ ಮುರಿಯುತ್ತದೆ. ಫೈಬರ್‌ಗ್ಲಾಸ್ ನಿಧಾನವಾಗಿ ಬಾಗುತ್ತದೆ, ತೂಕ ಸ್ವಲ್ಪ ಜಾಸ್ತಿ, ಪೆಟ್ಟು ತಡೆಯುತ್ತದೆ. ಆರು ವೆಯ್ಟ್‌ಗೆ ಮಧ್ಯಮ ಚುರುಕಿನ ಗ್ರಾಫೈಟ್ ತೆಗೆದುಕೊಳ್ಳಿ. ‘ಫಾಸ್ಟ್’ ಅಂತ ಬರೆದಿರುವ ಗಡುಸು ರಾಡ್ ಹೊಸಬರಿಗೆ ಬೇಡ. ಅದು ಬಾಗುವುದು ಕೈಗೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಕಲಿಯುವುದು ತಡವಾಗುತ್ತದೆ.

ದುಡ್ಡು ಹಾಕುವುದಾದರೆ ಲೈನಿಗೆ ಹಾಕಿ

ಅಂಗಡಿಯವರು ರಾಡ್ ತೋರಿಸುತ್ತಾರೆ, ರೀಲ್ ತೋರಿಸುತ್ತಾರೆ. ಲೈನಿನ ಬಗ್ಗೆ ಮಾತಾಡುವುದು ಕಡಿಮೆ. ಬೀಸುವುದು ಲೈನನ್ನೇ ಅಂತ ಆಗಲೇ ಹೇಳಿದೆನಲ್ಲ. ಸಾಧಾರಣ ರಾಡಿಗೆ ಒಳ್ಳೆಯ ಲೈನ್ ಹಾಕಿದರೆ ಚೆನ್ನಾಗಿ ಬೀಸಬಹುದು. ಒಳ್ಳೆಯ ರಾಡಿಗೆ ಕೆಟ್ಟ ಲೈನ್ ಹಾಕಿದರೆ ಏನೂ ಆಗದು.

ಮೂರು ಆಯ್ಕೆ ಮಾಡಬೇಕು. ಮೊದಲನೆಯದು, ತೇಲುವ ಲೈನೋ ಮುಳುಗುವ ಲೈನೋ. ತೇಲುವುದೇ. ಅದನ್ನು ನೀರಿನಿಂದ ಸುಲಭವಾಗಿ ಎತ್ತಿ ಮತ್ತೆ ಬೀಸಬಹುದು, ಕಣ್ಣಿಗೂ ಕಾಣುತ್ತದೆ. ಫ್ಲೈ ಆಳಕ್ಕೆ ಹೋಗಬೇಕಾದರೆ ಭಾರದ ಫ್ಲೈ ಕಟ್ಟಿ. ಮುಳುಗುವ ಲೈನಿನ ಸುದ್ದಿ ಹಿನ್ನೀರಿಗೆ ಹೋಗುವವರೆಗೂ ಬೇಡ.

ಎರಡನೆಯದು, ಆಕಾರ. ಡಬಲ್ ಟೇಪರ್ ಲೈನ್ ಎರಡೂ ತುದಿಯಲ್ಲಿ ಒಂದೇ ಥರ ಸಣ್ಣಗಾಗುತ್ತದೆ. ಒಂದು ಕಡೆ ಸವೆದರೆ ತಿರುಗಿಸಿ ಹಾಕಬಹುದು, ದುಡ್ಡು ಉಳಿಯುತ್ತದೆ. ವೆಯ್ಟ್ ಫಾರ್ವರ್ಡ್ ಲೈನಿನಲ್ಲಿ ತೂಕವೆಲ್ಲ ಮುಂದಿನ ಭಾಗದಲ್ಲಿದೆ. ಕಡಿಮೆ ಸಲ ಬೀಸಿ ಬೇಗ ಕಳಿಸಬಹುದು. ಕೆರೆಗೆ, ಗಾಳಿಗೆ, ಕಪ್ಪೆ ಫ್ಲೈಗೆ ವೆಯ್ಟ್ ಫಾರ್ವರ್ಡ್ ಒಳ್ಳೆಯದು. ಡಬ್ಬದ ಮೇಲೆ ‘ಡಬ್ಲ್ಯೂಎಫ್‌6ಎಫ್’ ಅಂತ ಬರೆದಿದ್ದರೆ ವೆಯ್ಟ್ ಫಾರ್ವರ್ಡ್, ಆರನೇ ನಂಬರ್, ತೇಲುವಂಥದ್ದು ಅಂತ ಅರ್ಥ.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ: ಈ ಲೈನ್ ತಣ್ಣನೆ ಊರಿಗೆ ಮಾಡಿದ್ದೋ, ಬಿಸಿ ಊರಿಗೆ ಮಾಡಿದ್ದೋ? ಟ್ರೌಟ್‌ಗೆ ಮಾಡಿದ ಲೈನ್ ಚಳಿಯಲ್ಲಿ ಗಡುಸಾಗಬಾರದು ಅಂತ ಮೆತ್ತಗೆ ಮಾಡಿರುತ್ತಾರೆ. ಅದೇ ಲೈನನ್ನು ಏಪ್ರಿಲ್ ಬಿಸಿಲಿನಲ್ಲಿ ಶಿಕಾರಿಪುರದ ಕೆರೆ ಏರಿಯ ಮೇಲೆ ಬಿಚ್ಚಿದರೆ ಇನ್ನೂ ಮೆತ್ತಗಾಗಿ ಅಂಟಂಟಾಗುತ್ತದೆ. ರಾಡಿನ ಉಂಗುರದಲ್ಲಿ ಜಾರುವುದೇ ಇಲ್ಲ. ಬೀಸುವವರಿಗೆ ತಮ್ಮದೇ ತಪ್ಪು ಅನ್ನಿಸುತ್ತದೆ. ಬೆಚ್ಚನೆ ನೀರಿಗೆ, ಬಾಸ್ ಮೀನಿಗೆ ಅಂತ ಮಾಡಿದ ಲೈನ್ ತೆಗೆದುಕೊಳ್ಳಿ. ಸಮುದ್ರ ತೀರದ ಸುಡುಬಿಸಿಲಿಗೆ ಮಾಡಿದ ಟ್ರಾಪಿಕಲ್ ಲೈನ್ ನಮ್ಮ ಡಿಸೆಂಬರ್ ಬೆಳಗಿನಲ್ಲಿ ಸುರುಳಿ ಸುರುಳಿಯಾಗಿ ನಿಲ್ಲುತ್ತದೆ, ಅದೂ ಬೇಡ. ಕೆರೆಯ ಪಾಚಿ ಹತ್ತಿದ ಲೈನನ್ನು ಆಗಾಗ ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ. ತೇಲುವುದೂ ಜಾರುವುದೂ ಸರಿಯಾಗುತ್ತದೆ.

ಲೈನ್ ಮತ್ತು ಫ್ಲೈ ನಡುವೆ ಕಟ್ಟುವ ನೈಲಾನ್ ದಾರಕ್ಕೆ ಲೀಡರ್ ಅನ್ನುತ್ತಾರೆ. ದಪ್ಪದಿಂದ ಸಣ್ಣಕ್ಕೆ ಇಳಿಯುವ ಸಿದ್ಧ ಲೀಡರ್ ಸಿಗುತ್ತದೆ. ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. ಒಟ್ಟು ಉದ್ದದ ಹತ್ತರಲ್ಲಿ ಆರು ಪಾಲು 0.45 ಮಿಲಿಮೀಟರ್ ದಾರ, ಎರಡು ಪಾಲು 0.35, ಕೊನೆಯ ಎರಡು ಪಾಲು 0.25. ಗಾಳದ ಸಾಮಾನು ಮಾರುವ ಅಂಗಡಿಯ ನೈಲಾನೇ ಸಾಕು. ಹಳ್ಳದ ಸಣ್ಣ ಮೀನಿಗೆ ತುದಿ 0.18ಕ್ಕೆ ಇಳಿಸಿ. ಕೊರವಕ್ಕೆ ಈ ಲೆಕ್ಕವೆಲ್ಲ ಬಿಟ್ಟು 0.40 ಅಥವಾ ಇನ್ನೂ ದಪ್ಪದ ಒಂದೇ ದಾರ ಕಟ್ಟಿ.

ಸೆಟ್ಟೋ, ಬಿಡಿಬಿಡಿಯೋ

ರಾಡ್, ರೀಲ್, ಲೈನ್ ಎಲ್ಲ ಒಟ್ಟಿಗೆ ಬರುವ ಸೆಟ್ಟುಗಳಲ್ಲಿ ರಾಡ್ ಸಾಮಾನ್ಯವಾಗಿ ಪರವಾಗಿಲ್ಲ ಅನ್ನುವ ಹಾಗಿರುತ್ತದೆ. ಲೈನೇ ಹಿಂದೆ ಬೀಳುವುದು. ಅಗ್ಗದ ಸೆಟ್ ಕೊಂಡು ಲೈನ್ ಮಾತ್ರ ಬದಲಿಸುವುದು ಬುದ್ಧಿವಂತಿಕೆ. ಹಳೆಯ ಲೈನ್ ಹುಲ್ಲಿನ ಮೇಲೆ ಅಭ್ಯಾಸಕ್ಕೆ ಆಗುತ್ತದೆ. ಜಿಲೇಬಿ, ಗೆಂಡೆ ಹಿಡಿಯುವಷ್ಟು ದಿನ ರೀಲ್ ಬರೀ ಲೈನ್ ಸುತ್ತಿಡುವ ಸಾಮಾನು, ಅದಕ್ಕೆ ಜಾಸ್ತಿ ಖರ್ಚು ಬೇಡ.

ಬೆಚ್ಚನೆ ನೀರು, ಹಾಗಾಗಿ ಸೊಂಟದವರೆಗಿನ ರಬ್ಬರ್ ಉಡುಪು ಬೇಡ. ಹಿಡಿತ ಇರುವ ಕ್ಯಾನ್ವಾಸ್ ಶೂ ಸಾಕು, ಹವಾಯಿ ಚಪ್ಪಲಿಯಲ್ಲಿ ಪಾಚಿ ಬಂಡೆ ಹತ್ತಬೇಡಿ. ಇಂಬಳಕ್ಕೆ ಸ್ವಲ್ಪ ಉಪ್ಪು, ಸುಣ್ಣ ಜೇಬಿನಲ್ಲಿರಲಿ. ಆದರೆ ಪೋಲರಾಯ್ಡ್ ಕನ್ನಡಕ ಇಲ್ಲದೆ ಮನೆ ಬಿಡಬೇಡಿ. ನೀರಿನ ಹೊಳಪು ಕಡಿಮೆ ಮಾಡಿ ಮೀನನ್ನು ತೋರಿಸುತ್ತದೆ, ಹಾರಿ ಬರುವ ಕೊಕ್ಕೆಯಿಂದ ಕಣ್ಣನ್ನೂ ಕಾಯುತ್ತದೆ.

ಯಾವ ಫ್ಲೈ

ಸಾವಿರಾರು ಥರದ ಫ್ಲೈಗಳಿವೆ, ಹೆಸರು ಓದಿಯೇ ಸುಸ್ತಾಗುತ್ತದೆ. ಮಲೆನಾಡಿಗೆ ಐದು ಸಾಕು.

ಫೋಮಿನಿಂದ ಮಾಡಿದ ತೇಲುವ ಇರುವೆ, 14ನೇ ನಂಬರಿನ ಕೊಕ್ಕೆಯಲ್ಲಿ (ಕೊಕ್ಕೆಯ ನಂಬರ್ ಏರಿದ ಹಾಗೆ ಕೊಕ್ಕೆ ಸಣ್ಣದು). ಸಿಕ್ಕರೆ ಕೆಂಪು ಬಣ್ಣದ್ದು, ಚಗಳಿಗೆ ಹತ್ತಿರ. ಮೊದಲ ಮಳೆಗೆ ರೆಕ್ಕೆ ಗೆದ್ದಲು ಏಳುವ ಸಂಜೆಗೂ ಇದೇ ಆಗುತ್ತದೆ. ಹೇರ್ಸ್ ಇಯರ್ ನಿಂಫ್, 12 ಅಥವಾ 14. ಕಲ್ಲಿನ ಕೆಳಗೆ ಇರುವ ನೀರುಹುಳುಗಳ ಥರ ಕಾಣುತ್ತದೆ. ಜಿಲೇಬಿಗೆ, ಗೆಂಡೆಗೆ ನಾನು ಮೊದಲು ಕಟ್ಟುವುದು ಇದನ್ನೇ. ವೂಲಿ ಬಗರ್, 10, ಕಪ್ಪು ಅಥವಾ ಪಾಚಿ ಹಸಿರು. ಇದು ಇಂಥದ್ದೇ ಅಂತ ಹೇಳಲಾಗದ, ಆದರೆ ಎಲ್ಲ ಮೀನೂ ತಿನ್ನಬಹುದಾದ ಏನೋ ಒಂದು ಜೀವಿಯಂತೆ ಕಾಣುತ್ತದೆ. ಸಣ್ಣ ಮೀನಿನ ಆಕಾರದ ಕ್ಲೌಸರ್ ಮಿನ್ನೋ, 6. ಕೊನೆಗೆ ಕಪ್ಪೆ ಫ್ಲೈ, 2ನೇ ನಂಬರ್, ಜೊಂಡಿಗೆ ಸಿಕ್ಕಿಕೊಳ್ಳದ ಹಾಗೆ ಮುಂದೆ ತಂತಿ ಇರುವುದು.

ಹೊಳೆಯ ದಡದಲ್ಲಿ ಅತ್ತಿ ಮರ ಇದ್ದು, ಹಣ್ಣು ನೀರಿಗೆ ಉದುರುತ್ತಿದ್ದರೆ ಅಲ್ಲಿ ದೊಡ್ಡ ಗೆಂಡೆಗಳು ಕಾದಿರುತ್ತವೆ. ಆ ಹಣ್ಣಿನ ಬಣ್ಣದ, ಗಾತ್ರದ ಫ್ಲೈ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನೀವೇ ಕಟ್ಟಿಕೊಳ್ಳಬೇಕು. ಹಾಗಂತ ಮೊದಲ ದಿನವೇ ಫ್ಲೈ ಕಟ್ಟುವ ಸಾಮಾನು ಕೊಳ್ಳಬೇಡಿ. ಒಂದು ಬೇಸಿಗೆ ಕೊಂಡ ಫ್ಲೈಯಲ್ಲೇ ಹಿಡಿಯಿರಿ. ಯಾವುದಕ್ಕೆ ಮೀನು ಬರುತ್ತದೆ ಅಂತ ಗೊತ್ತಾದ ಮೇಲೆ ಊರ ಹುಂಜದ ಪುಕ್ಕವೇ ಎಷ್ಟು ಒಳ್ಳೆಯ ಸಾಮಾನು ಅಂತ ತಿಳಿಯುತ್ತದೆ.

ಎಲ್ಲ ಕೊಕ್ಕೆಗಳ ಹಿಂಮುಳ್ಳನ್ನೂ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನಿಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು.

ಎಲ್ಲಿ ಕಲಿಯುವುದು, ಯಾವಾಗ ಇಳಿಯುವುದು

ನೀರಿನಲ್ಲಿ ಕಲಿಯುವುದೋ ಹುಲ್ಲಿನ ಮೇಲೋ? ಹುಲ್ಲಿನ ಮೇಲೆ. ಶಾಲೆಯ ಮೈದಾನ ಸಾಕು. ಫ್ಲೈ ಬದಲು ಒಂದು ಉಣ್ಣೆ ತುಣುಕು ಕಟ್ಟಿ. ಕೊಯ್ಲಾದ ಗದ್ದೆ ಬಯಲಾಗಿರುತ್ತದೆ, ಆದರೆ ಕೂಳೆ ಲೈನನ್ನು ತರಚುತ್ತದೆ, ಅಲ್ಲಿಗೆ ಹಳೆಯ ಲೈನೇ ಸರಿ. ಮುಂಗೈ ಮುರಿಯದೆ ಮೊಣಕೈಯಿಂದ ಎತ್ತಿ, ರಾಡ್ ತಲೆಯ ಹಿಂದೆ ಸ್ವಲ್ಪ ದಾಟಿದ ತಕ್ಷಣ ನಿಲ್ಲಿಸಿ. ಲೈನ್ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೂ ಕಾಯಿರಿ, ಆಮೇಲೆ ಮುಂದಕ್ಕೆ. ‘ಚಟ್’ ಅಂತ ಸದ್ದು ಬಂದರೆ ಕಾದದ್ದು ಸಾಲಲಿಲ್ಲ ಅಂತ ಅರ್ಥ. ಹಿಂದಕ್ಕೆ ತಿರುಗಿ ಲೈನ್ ನೋಡುವುದರಲ್ಲಿ ನಾಚಿಕೆ ಏನಿಲ್ಲ. ಎಂಟು ಹತ್ತು ಮೀಟರ್ ದೂರಕ್ಕೆ ನೇರವಾಗಿ ಬಿದ್ದರೆ ನೀವು ಕೆರೆಗೆ ಹೋಗಬಹುದು. ದೂರ ಬೀಸುವ ಹುಚ್ಚು ಬೇಡ, ಜಿಲೇಬಿ ಕಾಲ ಬುಡದಲ್ಲೇ ಇರುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಬೀಸುವುದು ಇಡೀ ಭಾನುವಾರ ಬೀಸುವುದಕ್ಕಿಂತ ಒಳ್ಳೆಯದು. ಬೆನ್ನ ಹಿಂದೆ ಅಡಿಕೆ ತೋಟ ಇರುವ ಕಡೆಗೆ ರೋಲ್ ಕಾಸ್ಟ್ ಬೇಕು, ಅಂದರೆ ಲೈನನ್ನು ಹಿಂದಕ್ಕೆ ಬೀಸದೆ ಮುಂದಕ್ಕೆ ಉರುಳಿಸಿ ಕಳಿಸುವುದು. ಅದನ್ನು ಮಾತ್ರ ನೀರಿನ ಮೇಲೇ ಕಲಿಯಬೇಕು, ಲೈನನ್ನು ನೀರು ಹಿಡಿದುಕೊಂಡರೇ ಅದು ಆಗುವುದು.

ವಿಡಿಯೋ ನೋಡಿ ಕಲಿಯಬಹುದಾ? ಆಗುತ್ತದೆ. ಗೊತ್ತಿದ್ದವರು ಒಬ್ಬರು ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತರೆ ಇನ್ನೂ ಬೇಗ ಆಗುತ್ತದೆ. ಯಾರೂ ಇಲ್ಲದಿದ್ದರೆ ನೀವು ಬೀಸುವುದನ್ನು ಮೊಬೈಲಿನಲ್ಲಿ ಬದಿಯಿಂದ ತೆಗೆಸಿಕೊಂಡು ನೋಡಿ.

ಕಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪು, ಫ್ಲೈ ಕಾಣುವುದೂ ಇಲ್ಲ. ಹತ್ತುಮೀನು ಮೇಲೆ ಬರುವುದು ಮೊಟ್ಟೆ ಇಡಲು. ಆ ದಿನಗಳಲ್ಲಿ ಅವನ್ನು ಅವುಗಳ ಪಾಡಿಗೆ ಬಿಡಬೇಕು. ನವೆಂಬರಿನಿಂದ ನೀರು ತಿಳಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೊಳೆ ತಿಳಿ, ಮೀನು ನೆರಳಿಗೂ ಬೆದರುತ್ತದೆ. ಮಾರ್ಚ್‌ನಿಂದ ಮೇವರೆಗೆ ಕೆರೆಗೆ ಬೆಳಗ್ಗೆ ಬೇಗ, ಸಂಜೆ ತಡವಾಗಿ ಹೋಗಿ. ಸುಡುಬಿಸಿಲಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಬಿಡುವ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಬೇಗ ಬಿಡಬೇಕು.

ಇನ್ನು ಅನುಮತಿ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕಾಯ್ದೆ ಇದೆ. ಬಹಳಷ್ಟು ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ, ಗುತ್ತಿಗೆ ಹಿಡಿದವರನ್ನೂ ಕೇಳಿ. ಜಿಲೇಬಿ ಮಾತ್ರ ಹಿಡಿಯುತ್ತೇನೆ, ಕಾಟ್ಲಾ ಬಿದ್ದರೆ ಬಿಡುತ್ತೇನೆ ಅಂತ ನೇರವಾಗಿ ಹೇಳಿದರೆ ಮಾತು ಸುಲಭವಾಗುತ್ತದೆ. ಅಭಯಾರಣ್ಯದೊಳಗೆ ಮಾತ್ರ ಕೇಳುವ ಪ್ರಶ್ನೆಯೇ ಇಲ್ಲ. ಭದ್ರಾ ಹುಲಿ ಮೀಸಲು, ಶೆಟ್ಟಿಹಳ್ಳಿ, ಶರಾವತಿ ಕಣಿವೆಯ ಗಡಿಗಳು ಹಿನ್ನೀರಿನವರೆಗೂ ಬರುತ್ತವೆ. ಸಕ್ರೆಬೈಲಿನ ಕಡೆ, ಮಂಡಗದ್ದೆಯ ಹಕ್ಕಿಗಳ ನಡುಗಡ್ಡೆಯ ಕಡೆ ದಡ ಎಷ್ಟೇ ಚೆಂದ ಕಂಡರೂ ರಾಡ್ ಚೀಲದಲ್ಲೇ ಇರಲಿ. ಗಡಿ ಎಲ್ಲಿದೆ ಅಂತ ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಜಾಗ ಗೊತ್ತು ಮಾಡಿ.